ಒಂದು ಫುಲ್ ಟಾಸ್

ಪಕ್ಕದ ಮನೆಯ ಅಂಕಲ್ ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಅವರ ಕಂದು ಕಣ್ಣುಗಳು ಎದುರಿಗಿದ್ದವರ ಭುಜದ ಮೇಲೆ ನೆಟ್ಟಿರುತ್ತಿದ್ದವು. ರೆಪ್ಪೆ ಮಿಟುಕಿಸುವುದೂ ಅಪರೂಪ. ಮೊದಲ ದಿನ ನಾನು ಹೆಗಲ ಮೇಲೆ ಹುಳುವೋ ಜೇಡರ ಬಲೆಯೋ ಇರಬೇಕೆಂದು ಕೊಡವಿಕೊಂಡೆ. ಓಲ್ಡ್ ಬ್ರಿಡ್ಜ್ ಎಂಬ ಊರಿನ ಆ ಬೀದಿಗೆ ನಾವು ಮನೆ ಬದಲಾಯಿಸಿಕೊಂಡು ಬಂದ ವಾರ ಅದು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ನಾನೂ ನನ್ನ ಹೆಂಡತಿಯೂ ಅದರ ಎರಡು ತುದಿ ಹಿಡಿದುಕೊಂಡು ಕನ್ನಡದಲ್ಲಿ ಜಗಳವಾಡುತ್ತಿದ್ದೆವು. ಬೇಲಿಯ ಆಚೆಯಿಂದ ಬಿಳಿ ಗಡ್ಡದ ಎತ್ತರದ ಮನುಷ್ಯರೊಬ್ಬರು ಮಂಚವನ್ನು ಯಾವ ಕಡೆಗೆ ಓರೆ ಮಾಡಬೇಕೆಂದು ಕನ್ನಡದಲ್ಲೇ ಹೇಳಿಕೊಟ್ಟರು. ಮಂಚ ಒಳಗೆ ಹೋಯಿತು. ಊರು ಯಾವುದು, ಕೆಲಸ ಎಲ್ಲಿ ಎಂದು ಕೇಳುತ್ತಾರೆಂದುಕೊಂಡರೆ ಅವರು ಕೇಳಿದ್ದೇ ಬೇರೆ.

"ನೀವು ಬಲಗೈಯೋ ಎಡಗೈಯೋ?"

ಬಲಗೈ ಎಂದೆ. ಅವತ್ತಿನಿಂದ ಕೊನೆಯವರೆಗೂ ನನ್ನ ಬಲಭುಜವನ್ನೇ ನೋಡಿದರು. ಎಡಗೈ ಎಂದಿದ್ದರೆ ಎಡಭುಜ ನೋಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅವರು ಬೇಸ್‌ಬಾಲಿನಲ್ಲಿ ದೊಡ್ಡ ಹೊಡೆತಗಾರರು. ದೊಡ್ಡ ಎನ್ನುವ ಮಾತನ್ನು ನಾನು ಸುಮ್ಮನೆ ಬಳಸುತ್ತಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಿಂದ ಚಿಕ್ಕ ಹುಡುಗನಾಗಿ ಅಪ್ಪ ಅಮ್ಮನ ಜೊತೆ ಬಂದವರು, ಹೈಸ್ಕೂಲು ಮುಗಿಸುವ ಹೊತ್ತಿಗೆ ಅವರ ಬ್ಯಾಟಿಂಗ್ ನೋಡಲು ಅಕ್ಕಪಕ್ಕದ ಊರುಗಳಿಂದ ಜನ ಬರುತ್ತಿದ್ದರಂತೆ. ಮುಂದೆ ಕೆಲವು ಬೇಸಿಗೆ ಕೆಳದರ್ಜೆಯ ವೃತ್ತಿಪರ ತಂಡಗಳಲ್ಲಿ ಬಸ್ಸಿನಲ್ಲಿ ಊರೂರು ಅಲೆದರು. ಮೇಲಿನಿಂದ ಕರೆ ಬರಲಿಲ್ಲ. ಯಾಕೆ ಎಂದರೆ, ಹೊಡೆಯುವುದು ಬರುತ್ತಿತ್ತು, ಹಿಡಿಯುವುದು ಬರುತ್ತಿರಲಿಲ್ಲ ಎಂದು ತಾವೇ ಹೇಳಿ ನಗುತ್ತಿದ್ದರು. ವಾಪಸು ಬಂದು ಟೈಲ್ಸ್ ಅಂಗಡಿ ಇಟ್ಟರು. ಅರ್ಧ ಓಲ್ಡ್ ಬ್ರಿಡ್ಜಿನ ಬಾತ್‌ರೂಮುಗಳ ನೆಲ ಅವರದೇ. ಅಂಗಡಿ ಮಾರಿ ಮನೆಯಲ್ಲಿ ಕೂತ ಮೇಲೂ ಭಾನುವಾರಗಳಂದು ಹಿರಿಯರ ಲೀಗಿನಲ್ಲಿ ಆಡುತ್ತಿದ್ದರು. ಅವರು ಬ್ಯಾಟ್ ಹಿಡಿದು ಎದ್ದರೆ ಎರಡೂ ಕಡೆಯ ಬೆಂಚಿನ ಹರಟೆ ನಿಂತುಹೋಗುತ್ತಿತ್ತು. ಮಂಡಿನೋವು, ಸಕ್ಕರೆ ಕಾಯಿಲೆ, ಬ್ಲಡ್ ಪ್ರೆಷರ್ ಮಾತ್ರೆ ಬಿಟ್ಟು ಬೇರೇನನ್ನೂ ಮಾತನಾಡದ ಮುದುಕರ ಬಾಯಿ ಮುಚ್ಚಿಸುವುದು ಸಣ್ಣ ಸಾಧನೆಯಲ್ಲ.

ಭುಜದ ಗುಟ್ಟು ಅಲ್ಲೇ ಇತ್ತು. ಪಿಚರ್, ಅಂದರೆ ಚೆಂಡು ಎಸೆಯುವವನು, ಏನು ಎಸೆಯುತ್ತಾನೆ ಎನ್ನುವುದನ್ನು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ತಿಳಿದುಕೊಳ್ಳಬೇಕು. ಚೆಂಡು ಕೈಬಿಟ್ಟ ಮೇಲೆ ನೋಡಲು ಶುರುಮಾಡಿದರೆ ತಡವಾಯಿತು. "ಮುಖ ಸುಳ್ಳು ಹೇಳತ್ತೆ. ಭುಜಕ್ಕೆ ಸುಳ್ಳು ಹೇಳೋಕೆ ಬರಲ್ಲಪ್ಪ" ಎನ್ನುತ್ತಿದ್ದರು. ಮೈದಾನದ ಅಭ್ಯಾಸ ಮನೆಗೂ ಬಂತು. ಬ್ಯಾಂಕಿನವರು, ಡಾಕ್ಟರು, ಅಂಗಡಿಗೆ ಬಂದ ಗಿರಾಕಿ, ಎಲ್ಲರೂ ಅವರ ಪಾಲಿಗೆ ಪಿಚರುಗಳೇ.

ಅವರ ಹೆಂಡತಿ, ಅಂದರೆ ನಮ್ಮ ಆಂಟಿ, ಒಬ್ಬರನ್ನು ಬಿಟ್ಟು. ಅವರು ಮದುವೆಯಾಗಿ ಮೈಸೂರಿನಿಂದ ಬಂದವರು, ಬಾಯಿ ತುಂಬ ಕನ್ನಡ. ಗಂಡಹೆಂಡಿರ ಮಾತು ಮನೆಯಲ್ಲಿ ಉರ್ದುವಿನಲ್ಲಿ ನಡೆಯುತ್ತಿತ್ತು, ನಾನು ಒಳಗೆ ಕಾಲಿಟ್ಟರೆ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದರು. ಆಂಟಿಯ ಜೊತೆ ಮಾತನಾಡುವಾಗ ಅಂಕಲ್ ಅವರ ಮುಖವನ್ನೇ ನೋಡುತ್ತಿದ್ದರು, ನೇರವಾಗಿ, ತುಂಬ ಹೊತ್ತು. "ನನ್ನೊಬ್ಬಳ ಮುಖನೇ ನೋಡಪ್ಪ ಇವರು ನೋಡೋದು. ನಾನು ಬೌಲಿಂಗ್ ಮಾಡಲ್ವಲ್ಲ" ಎಂದು ಆಂಟಿ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಜಂಬವಿರುತ್ತಿತ್ತು. ಅವರಿಗೆ ಪಿಚರ್ ಎಂಬ ಪದ ಕೊನೆಗೂ ನಾಲಿಗೆಗೆ ಹತ್ತಲಿಲ್ಲ, ಚೆಂಡು ಎಸೆಯುವವನು ಬೌಲರೇ. ಅವರ ಅಣ್ಣಂದಿರು ಮೈಸೂರಿನಲ್ಲಿ ಆಡುತ್ತಿದ್ದದ್ದು ಕ್ರಿಕೆಟ್ಟು, ಆಟ ಅಂದರೆ ಅವರಿಗೆ ಅದೊಂದೇ.

ನನ್ನನ್ನು ಲೀಗಿಗೆ ಎಳೆದುಕೊಂಡು ಹೋದವರು ಅಂಕಲ್. ನಾನೂ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು ಎಂಬ ಧಿಮಾಕಿನಿಂದಲೇ ಹೋದೆ. ಮೊದಲ ಪಂದ್ಯದಲ್ಲಿ ಹೇಗೋ ಒಂದು ಚೆಂಡು ಬ್ಯಾಟಿಗೆ ಸಿಕ್ಕಿತು. ಓಡಿದೆ. ಬ್ಯಾಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಓಡಿ ಮುಟ್ಟಬೇಕಾದ ಫಸ್ಟ್ ಬೇಸ್ ಹತ್ತಿರ ಬಂದಾಗ ಬಗ್ಗಿ, ಬ್ಯಾಟನ್ನು ಮುಂದೆ ಚಾಚಿ, ಇಲ್ಲದ ಕ್ರೀಸಿನೊಳಗೆ ಅದರ ತುದಿಯನ್ನು ಉಜ್ಜಿದೆ. ಅಲ್ಲಿ ನಿಂತಿದ್ದವನು ನೆಲ ಗುಡಿಸಲು ಬಂದೆಯಾ ಎಂದು ಕೇಳಿದ. ಎರಡೂ ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮನೆಗೆ ಓಡಿಹೋಗುವಷ್ಟು ನಾಚಿಕೆಯಾಯಿತು.

ಅಂಕಲ್ ನಗಲಿಲ್ಲ. ಇಲ್ಲಿಗೆ ಬಂದ ವರ್ಷ ಸ್ಕೂಲಿನ ಆಟದಲ್ಲಿ ಅವರೂ ಹೀಗೇ ಬ್ಯಾಟ್ ಹಿಡಿದುಕೊಂಡು ಓಡಿ, ಹೀಗೇ ಉಜ್ಜಿ, ಹೀಗೇ ನಗಿಸಿದ್ದರಂತೆ. ಆಮೇಲೆ ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು. "ಹೊಡೆದ ಮೇಲೆ ಬ್ಯಾಟು ನಿಂದಲ್ಲಪ್ಪ. ಬಿಟ್ಟು ಓಡು. ಔಟಾದ್ರೆ ಮಾತ್ರ ಕೈಯಲ್ಲಿ ಹಿಡ್ಕೊಂಡು ಬಾ. ಪಾಪ, ಅದರ ತಪ್ಪೇನಿಲ್ಲ."

ಅವರು ಹಾಗೇ ಬರುತ್ತಿದ್ದರು. ಔಟಾದ ದಿನ ಬ್ಯಾಟನ್ನು ನೆಲಕ್ಕೆ ಬಡಿದದ್ದು, ಎಸೆದದ್ದು ನಾನು ನೋಡಿಲ್ಲ. ಅದರ ನಡುವನ್ನು ಹಿಡಿದುಕೊಂಡು, ಚೆಂಡನ್ನು ಬೇಲಿ ದಾಟಿಸಿ ಬರುವಾಗ ಯಾವ ನಡಿಗೆಯೋ ಅದೇ ನಡಿಗೆಯಲ್ಲಿ ಬಂದು ಕೂರುತ್ತಿದ್ದರು. ತಪ್ಪು ಚೆಂಡಿಗೆ ಬ್ಯಾಟ್ ಬೀಸುವವರನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಹೊಡೆಯುವುದಕ್ಕಿಂತ ಮೊದಲು ಬಿಡುವುದನ್ನು ಕಲಿಯಬೇಕು, ಇಷ್ಟವಿಲ್ಲದ ಚೆಂಡನ್ನು ನೋಡಿ ನೋಡಿ ಬಿಟ್ಟವನ ಹತ್ತಿರ ಇಷ್ಟದ ಚೆಂಡು ತಾನಾಗಿ ಬರುತ್ತದೆ ಎಂದು ಬೆಂಚಿನಲ್ಲಿ ಕೂತವರಿಗೆಲ್ಲ ಪಾಠ ಹೇಳುತ್ತಿದ್ದರು. ಕೆಲವರಿಗೆ ಬೇಜಾರಾಗುತ್ತಿತ್ತು. ನನಗೂ ಕೆಲವು ಸಲ ಸಾಕಪ್ಪ ಅನ್ನಿಸಿದ್ದುಂಟು.

ಬಾಸ್ಕಿಂಗ್ ರಿಡ್ಜಿನ ಆಫೀಸಿನಲ್ಲಿ ನನ್ನ ಕೆಲಸ ಹೋದದ್ದು ಆ ಚಳಿಗಾಲ. ಹದಿನೈದು ನಿಮಿಷದ ವೀಡಿಯೋ ಕಾಲಿನಲ್ಲಿ, ನನ್ನ ಹೆಸರನ್ನೂ ಸರಿಯಾಗಿ ಹೇಳಲು ಬಾರದ ಹೆಣ್ಣುಮಗಳೊಬ್ಬಳು ಮುಗಿಸಿಬಿಟ್ಟಳು. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಳು, ನಾನು ಬೇಸ್‌ಮೆಂಟಿನಲ್ಲಿ ಪರದೆ ಎಳೆದುಕೊಂಡು ಕೂರುತ್ತಿದ್ದೆ. ಗಡ್ಡ ಬಂತು, ಹೊಟ್ಟೆ ಬಂತು. ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಕಲ್ ಬಾಗಿಲು ತಟ್ಟಿ, ಮ್ಯಾನ್‌ಹಟನ್‌ಗೆ ಹೋಗಬೇಕಿದೆ, ಮಂಡಿನೋವಿನಿಂದ ಡ್ರೈವ್ ಮಾಡುವುದು ಕಷ್ಟ, ಕರೆದುಕೊಂಡು ಹೋಗುತ್ತೀಯಾ ಎಂದರು. ಕೆಲಸವಿಲ್ಲದವನಿಗೆ ಕೆಲಸವಿದೆ ಎಂದು ಸುಳ್ಳು ಹೇಳುವುದಕ್ಕೂ ಆಗಲಿಲ್ಲ.

ಹೋದದ್ದು ಮಂಡಿಯ ಡಾಕ್ಟರ ಹತ್ತಿರವಲ್ಲ, ಕಣ್ಣಿನ ಡಾಕ್ಟರ ಹತ್ತಿರ. ಅವರ ಕಣ್ಣಿನ ನಡುಭಾಗ ಸಾಯುತ್ತಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರಲ್ಲಿ ಶುರುವಾಗಿತ್ತು. ಪ್ರತಿ ತಿಂಗಳು ಕಣ್ಣಿಗೇ ಸೂಜಿ ಚುಚ್ಚಿ ಔಷಧಿ ಹಾಕುತ್ತಿದ್ದರು. ಗುಣವಾಗಲು ಅಲ್ಲ, ನಿಧಾನ ಮಾಡಲು. ವಾಪಸು ಬರುವಾಗ ನದಿಯ ಕೆಳಗಿನ ಸುರಂಗದ ಬಾಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಿದ್ದೆವು. ಕಪ್ಪು ಕನ್ನಡಕ ಹಾಕಿಕೊಂಡೇ ನನ್ನ ಭುಜದ ಕಡೆ ತಿರುಗಿ ಅವರು ಅದನ್ನು ವಿವರಿಸಿದರು.

"ನಡುವಲ್ಲಿ ಯಾರೋ ಹೆಬ್ಬೆಟ್ಟು ಒತ್ತಿಟ್ಟಂಗಿದೆ. ಸುತ್ತ ಎಲ್ಲಾ ಕಾಣತ್ತೆ. ನಿನ್ನ ಮುಖ ನೋಡಿದ್ರೆ ಅಲ್ಲಿ ಮುಖ ಇರಲ್ಲ. ಭುಜ ನೋಡಿದ್ರೆ ಮುಖ ಸಿಗತ್ತೆ. ಅಲ್ಲಾಹು ನನಗೆ ಮೊದಲೇ ಪ್ರಾಕ್ಟೀಸ್ ಕೊಟ್ಟಿದ್ದ ನೋಡು."

ಆಂಟಿಗೆ ಗೊತ್ತಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಗೊತ್ತಾದರೆ ಆ ದಿನವೇ ಬ್ಯಾಟನ್ನು ಕಸದ ಡಬ್ಬಿಗೆ ಹಾಕುತ್ತಾಳೆ ಎಂದರು. ಮತ್ತೆ ತಾವೇ ಹೇಳಿದರು. "ಅವಳ ಮುಂದೇನೇ ಕಷ್ಟ. ಅವಳ ಮುಖ ಮುಂಚಿನ ಹಾಗೇ ನೇರ ನೋಡ್ಬೇಕು, ಇಲ್ಲಾಂದ್ರೆ ಕಂಡುಹಿಡೀತಾಳೆ. ನೋಡ್ತೀನಿ. ಅಲ್ಲಿ ಏನೂ ಇರಲ್ಲ."

ಮುಂದಿನ ಕಾರು ಕದಲಿತು, ನಾನೂ ಬ್ರೇಕಿನಿಂದ ಕಾಲು ತೆಗೆದೆ.

ಹಾಗೆ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆವು. ನಾನು ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಬೀದಿಯವರು ಅಂದುಕೊಂಡಿದ್ದರು. ನಿಜದಲ್ಲಿ ಅವರು ನನ್ನನ್ನು ಬೇಸ್‌ಮೆಂಟಿನಿಂದ ಹೊರಗೆ ತರುತ್ತಿದ್ದರು. ಒಂದು ಇಂಟರ್‌ವ್ಯೂ ಹಾಳಾದ ಮಾರನೆಯ ದಿನ ನಾನು ಕಾರಿನಲ್ಲಿ ಅತ್ತುಬಿಟ್ಟೆ. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ, ಬೈದರು. "ನಿಂದು ಇನ್ನೂ ಕ್ರಿಕೆಟ್ ತಲೆ. ಒಂದು ಸಲ ಔಟಾದ್ರೆ ಪ್ಯಾಡ್ ಬಿಚ್ಚಿ ಇಡೀ ದಿನ ಮುಖ ಸಣ್ಣ ಮಾಡ್ಕೊಂಡು ಕೂರೋದು. ಇಲ್ಲಿ ಹತ್ತು ಸಲಕ್ಕೆ ಏಳು ಸಲ ಔಟಾಗೋನೇ ದೊಡ್ಡ ಮನುಷ್ಯ. ಹೋಗು, ನೀರು ಕುಡಿ, ಹೆಲ್ಮೆಟ್ ಬಿಚ್ಚಬೇಡ. ನಿನ್ನ ಟರ್ನ್ ಬರತ್ತೆ." ಮುಂದಿನ ಇಂಟರ್‌ವ್ಯೂಗೆ ಗಡ್ಡ ಬೋಳಿಸಿಕೊಂಡು ಹೋದೆ, ಅದರಲ್ಲೂ ಆಗಲಿಲ್ಲ. ಆದರೆ ಅವತ್ತು ಬೇಸ್‌ಮೆಂಟಿಗೆ ಇಳಿಯಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಮೊದಲಿನದಕ್ಕಿಂತ ಚಿಕ್ಕದೊಂದು ಕೆಲಸ ಸಿಕ್ಕಿತು.

ಇನ್ನೊಂದು ಕಡೆ ಅವರು ಅದೇ ಕಣ್ಣಿನಲ್ಲಿ ಆಡುತ್ತಲೇ ಇದ್ದರು. ಚೆಂಡು ಕಾಣದಿದ್ದರೂ ಪಿಚರುಗಳು ಅವರಿಗೆ ಕಂಠಪಾಠವಾಗಿದ್ದರು. ಯಾರ ಮೊಣಕೈ ಯಾವಾಗ ಮೇಲೇಳುತ್ತದೆ, ಯಾರು ಜೋರಾಗಿ ಎಸೆಯುವ ಮೊದಲು ಉಸಿರು ಬಿಗಿಹಿಡಿಯುತ್ತಾರೆ, ಎಲ್ಲ ಗೊತ್ತು. ಆದರೂ ಒಂದು ಚೆಂಡು ಅವರ ಗಲ್ಲದ ಪಕ್ಕದಲ್ಲೇ ಹಾರಿಹೋದಾಗ ಅವರು ಅಲುಗಲೇ ಇಲ್ಲ. ಎಲ್ಲರೂ ಏನು ಧೈರ್ಯ ಎಂದು ಚಪ್ಪಾಳೆ ಹೊಡೆದರು. ಅವರಿಗೆ ಚೆಂಡು ಕಂಡೇ ಇಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ. ಸಾಕು ಅಂಕಲ್, ಬಿಟ್ಟುಬಿಡಿ ಎಂದು ಕಾರಿನಲ್ಲಿ ಬೇಡಿಕೊಂಡೆ. ಬ್ಯಾಟ್ ಬಿಟ್ಟು ಓಡು ಎಂದು ನನಗೆ ಕಲಿಸಿದ ಮನುಷ್ಯ, ಈ ಸೀಸನ್ ಒಂದು ಮುಗಿಯಲಿ ಎಂದರು.

ಆಂಟಿ ಕಂಡುಹಿಡಿದರು. ಚಹಾ ಬಗ್ಗಿಸುವಾಗ ಅದು ಲೋಟದ ಪಕ್ಕಕ್ಕೆ ಬಿತ್ತಂತೆ, ಒಂದು ಸಲವಲ್ಲ, ದಿನಾ. ನನ್ನನ್ನು ಅಡುಗೆಮನೆಗೆ ಕರೆದು ನಿಲ್ಲಿಸಿ ಕೇಳಿದರು, ನಾನು ಕಣ್ಣಿನ ಕಾಯಿಲೆಯ ವಿಷಯವನ್ನಷ್ಟೇ ಒಪ್ಪಿಕೊಂಡೆ. ಅವರು ಅಳಲಿಲ್ಲ. ಚೆಂಡು ಹಣೆಗೆ ಬಿದ್ದರೆ ಏನಾಗುತ್ತದೆ ಎಂದಷ್ಟೇ ಕೇಳಿದರು. ಗಂಡನಿಗೆ ನೇರವಾಗಿ ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುತ್ತದೆ. ಆ ಎರಡರ ನಡುವೆ ದಾರಿ ಹುಡುಕುತ್ತ ಆಂಟಿ ಒಂದು ವಾರ ನಿದ್ದೆ ಮಾಡಿರಲಿಲ್ಲ.

ಆ ಭಾನುವಾರ, ಎಂದೂ ಮೈದಾನಕ್ಕೆ ಬರದ ಆಂಟಿ ದೊಡ್ಡ ಡಬ್ಬಿಯಲ್ಲಿ ಸಮೋಸ ತೆಗೆದುಕೊಂಡು ನಮ್ಮ ಜೊತೆ ಕಾರು ಹತ್ತಿದರು. ಎದುರು ತಂಡದ ಪಿಚರ್ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವನು, ಅಂಕಲ್ಲಿಗೆ ಬಹಳ ವರ್ಷದ ಎದುರಾಳಿ. ಇಬ್ಬರೂ ಹಾಯ್ ಎನ್ನುವುದಕ್ಕಿಂತ ಹೆಚ್ಚು ಮಾತನಾಡಿದ್ದು ನಾನು ಕಂಡಿಲ್ಲ, ಆದರೆ ಒಬ್ಬರು ಬರದ ವಾರ ಇನ್ನೊಬ್ಬರು ಮಂಕಾಗಿರುತ್ತಿದ್ದರು. ಆಟಕ್ಕೆ ಮೊದಲು ಆಂಟಿ ಡಬ್ಬಿ ಹಿಡಿದುಕೊಂಡು ಅವನ ಹತ್ತಿರ ಹೋಗಿ ಏನೋ ಹೇಳುತ್ತಿದ್ದರು. ಸಮೋಸ ಕೊಡುತ್ತಿದ್ದಾರೆ ಎಂದೇ ನಾನು ತಿಳಿದೆ.

ಅಂಕಲ್ ಬ್ಯಾಟ್ ಹಿಡಿದು ನಿಂತರು. ಹರಟೆ ನಿಂತಿತು. ಮೊದಲ ಚೆಂಡು ನಿಧಾನವಾಗಿ, ನೇರವಾಗಿ, ಎದೆಯ ಮಟ್ಟಕ್ಕೆ ಬಂತು. ಅವರು ಬ್ಯಾಟ್ ಎತ್ತಲಿಲ್ಲ. ಎರಡನೆಯದೂ ಅಷ್ಟೇ ಮೆಲ್ಲಗೆ ಬಂತು. ನನಗೇ ಎದ್ದುಹೋಗಿ ಹೊಡೆಯಬೇಕು ಅನ್ನಿಸಿತು. ಅವರು ಪಿಚರನ ಭುಜದ ಕಡೆಗೇ ನೋಡುತ್ತಿದ್ದರು. ಅದು ಯಾವತ್ತೂ ತಿರುಗುವ ಹಾಗೆ ತಿರುಗಿರಲಿಲ್ಲ, ಎಸೆಯುವವನ ಉಸಿರಿನ ಸದ್ದೂ ಬಂದಿರಲಿಲ್ಲ. ಅವರಿಗೆ ತಿಳಿದುಹೋಗಿತ್ತು. ಮೂರನೆಯ ಚೆಂಡನ್ನೂ ಕೈ ಆಡಿಸದೆ ಬಿಟ್ಟರು. ಹೊಡೆಯಬಹುದಾದ ಚೆಂಡನ್ನು ಮೂರು ಸಲ ಬಿಟ್ಟರೆ ಅಲ್ಲಿ ಔಟು, ಅಂಪೈರ್ ಹಾಗೇ ಎಂದ. ಔಟಾದರೆ ಬ್ಯಾಟನ್ನು ಕೈಯಲ್ಲಿ ಹಿಡಿದುಕೊಂಡು ಬಾ ಎನ್ನುತ್ತಿದ್ದವರು ಅವತ್ತು ಬಗ್ಗಿ, ಬ್ಯಾಟನ್ನು ಮಣ್ಣಿನ ಮೇಲೆ ಮಲಗಿಸಿ, ಬರಿಗೈಯಲ್ಲಿ ವಾಪಸು ಬಂದರು.

ಆಟ ಮುಗಿದ ಮೇಲೆ ಪಿಚರ್ ಟೋಪಿ ತೆಗೆದುಕೊಂಡು ನಮ್ಮ ಬೆಂಚಿನ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಮುಚ್ಚಿಡಲು ಬರಲಿಲ್ಲ. "ನಿನ್ನ ಹೆಂಡತಿ ಒಂದು ಫುಲ್ ಟಾಸ್ ಹಾಕು ಅಂದಳು. ಹಾಗಂದರೇನು ಅಂತ ನನಗೆ ಗೊತ್ತಿಲ್ಲ. ಅವಳ ಮುಖ ನೋಡಿ ಮೆಲ್ಲಗೆ ಎಸೆದೆ" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಫುಲ್ ಟಾಸ್ ಎಂದರೆ ನಮಗೆಲ್ಲ ಗೊತ್ತು. ನೆಲಕ್ಕೆ ಪುಟಿಯದೆ ನೇರ ಬ್ಯಾಟಿಗೆ ಬರುವ ಚೆಂಡು, ಬೀದಿ ಕ್ರಿಕೆಟ್ಟಿನಲ್ಲಿ ಚಿಕ್ಕ ಮಕ್ಕಳಿಗೆ ಹಾಕುವಂಥದ್ದು. ಮೈಸೂರಿನ ಅಣ್ಣಂದಿರು ಪುಟ್ಟ ತಂಗಿಗೂ ಹಾಗೇ ಹಾಕಿರಬೇಕು. ಆಂಟಿಗೆ ಸುಲಭದ ಚೆಂಡು ಎನ್ನಲು ಗೊತ್ತಿದ್ದದ್ದು ಅದೊಂದೇ ಪದ. ಬೇರೆ ಯಾವ ಪದ ಬಳಸಿದ್ದರೂ ಯಾರು ಹೇಳಿಕೊಟ್ಟರೋ ಎಂದು ಅಂಕಲ್ ಅನುಮಾನಪಡುತ್ತಿದ್ದರು, ಇದು ಆಂಟಿಯದೇ ಮಾತು ಎನ್ನುವುದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವರು ಪಿಚರನ ಕೈಕುಲುಕಿದರು. ನಾನು ಬ್ಯಾಟನ್ನು ಎತ್ತಿಕೊಂಡು ಬಂದು ಡಿಕ್ಕಿಯಲ್ಲಿ ಇಟ್ಟೆ. ಕಾರಿನಲ್ಲಿ ಆಂಟಿ ಹಿಂದಿನ ಸೀಟಿನಲ್ಲಿ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಅಂಕಲ್ ಹೇಳಿದ್ದು ಒಂದೇ ಮಾತು.

"ಬೇಸ್‌ಬಾಲಲ್ಲಿ ಎಲ್ಲಾ ಬಾಲೂ ಫುಲ್ ಟಾಸೇ."

ಕೋಪವಿತ್ತೇ, ತಮಾಷೆಯಿತ್ತೇ, ದನಿಯಿಂದ ತಿಳಿಯಲಿಲ್ಲ. ಆಮೇಲೆ ಅವರು ಮೈದಾನಕ್ಕೆ ಕಾಲಿಡಲಿಲ್ಲ. ಬ್ಯಾಟ್ ಎಲ್ಲಿ ಎಂದು ಕೇಳಲಿಲ್ಲ, ನಾನೂ ಕೊಡಲು ಹೋಗಲಿಲ್ಲ. ಹಿಂಬದಿಯ ಗಾಜಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ರೇಡಿಯೋದಲ್ಲಿ ಆಟದ ಕಾಮೆಂಟರಿ ಕೇಳುತ್ತಿದ್ದರು. ಎರಡನೆಯ ಕಣ್ಣಿನ ನಡುಭಾಗವೂ ಬೇಗ ಬೇಗ ಹೋಯಿತು. ನಾನು ಹೋದಾಗ ಒಂದೆರಡು ಮಾತನಾಡಿ ಸುಮ್ಮನಾಗುತ್ತಿದ್ದರು. ಒಮ್ಮೆ ನನಗೇ ತಡೆಯಲಾಗದೆ, ನಿಮ್ಮ ಟರ್ನ್ ಮತ್ತೆ ಬರುತ್ತೆ ಅಂಕಲ್ ಎಂದೆ. "ಬರಲ್ಲಪ್ಪ. ಆಟ ಮುಗಿದ ಮೇಲೆ ಯಾರ ಟರ್ನೂ ಬರಲ್ಲ. ಅದನ್ನ ನಿನಗೆ ಹೇಳಿರಲಿಲ್ಲ ಅಷ್ಟೆ" ಎಂದರು. ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ, ಅದೇ ಕುರ್ಚಿಯಲ್ಲಿ, ಎದೆ ಹಿಡಿದುಕೊಂಡಿತಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಹೋಗಿದ್ದರು.

ಮಣ್ಣು ಕೊಡುವ ದಿನ ಪಿಚರ್ ಬಂದಿದ್ದ, ಕಪ್ಪು ಕೋಟು ಹಾಕಿಕೊಂಡು ಹಿಂದೆ ನಿಂತಿದ್ದ. ಹೆಪ್ಪುಗಟ್ಟಿದ ಮಣ್ಣನ್ನು ಬೊಗಸೆಯಲ್ಲಿ ಹಾಕುವಾಗ ನನ್ನ ಬಲಭುಜ ಖಾಲಿ ಅನ್ನಿಸಿತು. ಬೇಸ್‌ಮೆಂಟಿನಿಂದ ನನ್ನನ್ನು ಎಬ್ಬಿಸಿದವರಿಗೆ ನಾನು ಮಾಡಿದ್ದು ಡ್ರೈವ್ ಮಾಡಿದ್ದಷ್ಟೇ. ಆ ಋಣ ತೀರುವಂಥದ್ದಲ್ಲ.

ನಲವತ್ತನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಆಂಟಿ ನನ್ನನ್ನು ಗಾಜಿನ ಕೋಣೆಗೆ ಕರೆದರು. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅವರು ಅದರ ಬೆನ್ನು ಹಿಡಿದುಕೊಂಡು ಕೇಳಿದರು.

"ಒಂದು ನಿಜ ಹೇಳಪ್ಪ. ಆ ಫುಲ್ ಟಾಸ್ ದಿನದಿಂದ ಅವರು ನನ್ನ ಮುಖ ನೋಡಲಿಲ್ಲ. ಎಲ್ಲರ ಹಂಗೆ ನನ್ನ ಭುಜಾನೂ ನೋಡೋಕೆ ಶುರು ಮಾಡಿದ್ರು. ಅಷ್ಟು ಕೋಪ ಇತ್ತಾ ನನ್ನ ಮೇಲೆ?"

ಹೇಳಿದರೆ ಅದಕ್ಕೂ ಹಿಂದಿನ ಆ ನೇರ ನೋಟಗಳೆಲ್ಲ ಅವರ ಕೈಯಿಂದ ಹೋಗುತ್ತವೆ. ಹೇಳದಿದ್ದರೆ ಈ ಕೋಪವೇ ಉಳಿಯುತ್ತದೆ. ಕೊನೆಗೆ ಸುರಂಗದ ಬಾಯಲ್ಲಿ ಕೇಳಿದ್ದನ್ನು ಹಾಗೇ ಹೇಳಿದೆ. ಕಣ್ಣು ಕೆಟ್ಟ ಮೇಲೆ ಮುಖ ನೇರ ನೋಡುತ್ತಿದ್ದಷ್ಟು ದಿನ ಅವರಿಗೆ ಕಂಡದ್ದು ಬರೀ ಕಪ್ಪು, ನಿಮಗೆ ತಿಳಿಯಬಾರದೆಂದು ಹಾಗೆ ನೋಡುತ್ತಿದ್ದರು. ನಿಮಗೆ ಗೊತ್ತಾಯಿತು ಎಂದು ತಿಳಿದ ಮೇಲೆ ನಾಟಕ ಬಿಟ್ಟರು. ಭುಜ ನೋಡಿದರೆ ಮಾತ್ರ ಅವರಿಗೆ ಮುಖ ಸಿಗುತ್ತಿತ್ತು. ಒಳಗೆ ಕೋಪವೂ ಇತ್ತೋ ಏನೋ, ಅದು ನನಗೆ ಗೊತ್ತಿಲ್ಲ. ಆದರೆ ಆ ತಿಂಗಳುಗಳಲ್ಲಿ ಅವರು ನಿಮ್ಮನ್ನೇ ನೋಡುತ್ತಿದ್ದರು ಆಂಟಿ ಎಂದೆ.

ಆಂಟಿ ಕುರ್ಚಿಯ ಬೆನ್ನನ್ನು ಬಿಡಲಿಲ್ಲ. ಹೊರಗೆ ಬೇಲಿಯ ಮೇಲಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ನನಗೆ ಹೇಳಿದರೋ ಕುರ್ಚಿಗೆ ಹೇಳಿದರೋ, ಮೆಲ್ಲಗೆ ಹೇಳಿದರು.

"ನನ್ನ ಮುಖ ಅವರಿಗೆ ಬೇಡ ಅಂದ್ಕೊಂಡು, ಅವತ್ತಿಂದ ನಾನು ಅವರ ಬೆನ್ನ ಹಿಂದೇನೇ ನಿಂತ್ಕೊಂಡು ಬಡಿಸ್ತಿದ್ದೆನಲ್ಲಪ್ಪ."